ಟೆಲಿಕಾಸ್ಟರ್ ಸಂಸಾರ: ಒಂದೇ ಮಾದರಿಯ ಗಿಟಾರುಗಳನ್ನು ಕೂಡಿಡುವ, ಬಿಚ್ಚುವ, ಬದಲಿಸುವ ಬಗೆ

ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಲು ಒಂದು ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಒಂದು ಸೋಲ್ಡರಿಂಗ್ ಐರನ್ ಸಾಕು. ಉದ್ದನೆಯ ಕತ್ತಾದ ನೆಕ್‌ಗೆ ನಾಲ್ಕು ಸ್ಕ್ರೂ, ತಂತಿಗಳ ಬುಡ ಕೂರುವ ಹಳೆಯ ಮಾದರಿಯ ಬ್ರಿಡ್ಜಿಗೆ ನಾಲ್ಕು, ವಾಲ್ಯೂಮ್ ಮತ್ತು ಟೋನ್ ನಾಬ್‌ಗಳು ಕೂತಿರುವ ಲೋಹದ ಪಟ್ಟಿಗೆ ಎರಡೇ ಎರಡು. ಇದನ್ನು ರೂಪಿಸಿದ ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಕೆಟ್ಟದ್ದನ್ನು ಕಳಚಿ ಹೊಸದನ್ನು ಕೂರಿಸಿ ಗಿರಾಕಿಯನ್ನು ಬೇಗ ಕಳಿಸಬೇಕೆನ್ನುವ ರಿಪೇರಿಯವರ ಬುದ್ಧಿ ಆ ಮರದ ಹಲಗೆಯಲ್ಲಿ ಇಂದಿಗೂ ಕಾಣುತ್ತದೆ. ಮನೆಯಲ್ಲಿ ಕೂತು ತಿದ್ದಲು ಇದರಷ್ಟು ಒಗ್ಗುವ ಎಲೆಕ್ಟ್ರಿಕ್ ಗಿಟಾರ್ ಇನ್ನೊಂದಿಲ್ಲ ಎಂದು ನಾನು ಹೇಳುವುದು ಆ ಕಾರಣಕ್ಕೆ.

ಚರಿತ್ರೆ ಚಿಕ್ಕದು. 1950ರಲ್ಲಿ ಒಂದು ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ) ಎಸ್ಕ್ವೈರ್ ಬಂತು. ಅದೇ ವರ್ಷದ ಕೊನೆಗೆ ಎರಡು ಪಿಕಪ್ಪಿನ ಬ್ರಾಡ್‌ಕಾಸ್ಟರ್. ಗ್ರೆಚ್ ಕಂಪನಿಯ ಡ್ರಮ್ಮುಗಳಿಗೆ ಹೆಚ್ಚುಕಡಿಮೆ ಅದೇ ಹೆಸರಿದ್ದುದರಿಂದ 1951ರಲ್ಲಿ ತಕರಾರು ಎದ್ದಿತು. ಫೆಂಡರ್‌ನವರು ಅಂಟಿಸುವ ಚೀಟಿಯಲ್ಲಿ ಆ ಹೆಸರಿನ ಭಾಗವನ್ನಷ್ಟೇ ಕತ್ತರಿಸಿ ಗಿಟಾರ್ ಮಾರಿದರು. ಹೆಸರಿಲ್ಲದ ಆ ಕೆಲವು ತಿಂಗಳ ಗಿಟಾರುಗಳನ್ನು ಸಂಗ್ರಹಕಾರರು ನೋಕಾಸ್ಟರ್ ಎನ್ನುತ್ತಾರೆ. ಆಮೇಲೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ಹೊರಗಿನ ಆಕಾರ ಅಂದಿನಿಂದ ಬದಲಾಗಿಲ್ಲ ಎನ್ನಬಹುದು. ಒಳಗಿನದ್ದು ಬದಲಾಗುತ್ತಲೇ ಬಂದಿದೆ. ನೋಡಲು ಒಂದೇ ಥರ ಇರುವ ನಾಲ್ಕು ಗಿಟಾರುಗಳನ್ನು ಇಟ್ಟುಕೊಂಡವನ ಸುಖ ಇರುವುದು ಈ ಒಳಗಿನ ವ್ಯತ್ಯಾಸದಲ್ಲಿ.

ಕೂಡಿಡುವ ಮೊದಲು ಒಂದು ಕಟ್ಟುಪಾಡು ಹಾಕಿಕೊಳ್ಳಿ. ಒಂದು ಗಿಟಾರನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಡಬೇಕು. ತಂತಿ ಬದಲಿಸುವುದು, ಹದ ಮಾಡುವುದು ಬಿಟ್ಟು ಬೇರೇನೂ ಬೇಡ. ಇನ್ನೊಂದು ಪ್ರಯೋಗಕ್ಕೆ. ಮೂರನೆಯದು ಬೇಕಿದ್ದರೆ ಬಿಡಿಭಾಗಗಳಿಂದ ಕಟ್ಟಿದ್ದು. ಮುಟ್ಟದ ಗಿಟಾರ್ ಒಂದು ಪಕ್ಕದಲ್ಲಿ ಇಲ್ಲದಿದ್ದರೆ, ನೀವು ಮಾಡಿದ ಮಾರ್ಪಾಡು ಧ್ವನಿಯನ್ನು ಸುಧಾರಿಸಿತೋ ಕೆಡಿಸಿತೋ ಎಂದು ಅಳೆಯಲು ತೂಕದ ಕಲ್ಲೇ ಇರುವುದಿಲ್ಲ. ಹೊಸ ಪಿಕಪ್ಪಿಗೆ ದುಡ್ಡು ಸುರಿದವನ ಕಿವಿ ತನ್ನ ಖರ್ಚನ್ನು ಸಮರ್ಥಿಸಿಕೊಳ್ಳಲು ಕಾಯುತ್ತಿರುತ್ತದೆ. ನನ್ನ ಕಿವಿಯೂ ಹಾಗೆಯೇ ಮಾಡಿದೆ.

ಹಳೆಯದನ್ನು ಕೊಳ್ಳುವಾಗ

ಐವತ್ತು, ಅರವತ್ತರ ದಶಕದ ಅಸಲಿ ಗಿಟಾರುಗಳು ಸಂಬಳದವರ ಕೈಗೆ ಎಟುಕುವುದಿಲ್ಲ. ಆ ಮಾತು ಬಿಡೋಣ. ನಮ್ಮಂಥವರ ಸಂಗ್ರಹ ನಿಲ್ಲುವುದು ಬೇರೆ ಬೇರೆ ಕಾರ್ಖಾನೆಗಳ ಮೇಲೆ. 1982ರಿಂದ ಜಪಾನ್‌ನಲ್ಲಿ ತಯಾರಾದ ಗಿಟಾರುಗಳಿಗೆ ಒಳ್ಳೆಯ ಹೆಸರಿದೆ. ಅವುಗಳಲ್ಲಿ 'ಜೆವಿ' ಅಕ್ಷರಗಳಿಂದ ಶುರುವಾಗುವ ಸಂಖ್ಯೆಯವನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಮೆಕ್ಸಿಕೊದ ಎನ್ಸೆನಾಡಾ ಕಾರ್ಖಾನೆಯವು ದುಡಿಮೆಯ ಗಿಟಾರುಗಳು. ಫೆಂಡರ್ ಕಂಪನಿಯದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಾಯರ್ ಹೆಸರಿನಲ್ಲಿ 2008ರಿಂದ ಬಂದ ಕ್ಲಾಸಿಕ್ ವೈಬ್ ಸಾಲು ಪ್ರಯೋಗಕ್ಕೆ ಹೇಳಿ ಮಾಡಿಸಿದ್ದು. ಮರ ಮತ್ತು ನೆಕ್ ಚೆನ್ನಾಗಿರುತ್ತವೆ, ಬಿಡಿಭಾಗಗಳಲ್ಲಿ ಬದಲಿಸಲು ಏನಾದರೂ ಸಿಕ್ಕೇ ಸಿಗುತ್ತದೆ.

ಗಿಟಾರ್ ಕೈಗೆ ಬಂದ ಕೂಡಲೇ ನುಡಿಸಬೇಡಿ. ತಂತಿ ಬಿಗಿಯುವ ತುದಿಯಾದ ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ರೀಪು ನೋಡುವ ಹಾಗೆ ನೆಕ್ಕಿನ ಉದ್ದಕ್ಕೂ ನೋಡಿ. ಮುಂದಕ್ಕೆ ತುಸು ಬಾಗಿದ್ದರೆ ಚಿಂತೆಯಿಲ್ಲ, ನೆಕ್ಕಿನೊಳಗಿನ ಉಕ್ಕಿನ ಸಲಾಕೆಯಾದ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ತಿರುಚಿಕೊಂಡಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಟ್ರಸ್ ರಾಡ್ ಅನ್ನು ಮಾರುವವರ ಕೈಯಿಂದಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಕೇಳಿ. ಅಳುಕಿದರೆ ಅದೇ ಉತ್ತರ. ಆಮೇಲೆ ಮೊದಲ ಮತ್ತು ಆರನೆಯ ತಂತಿಗಳು ಬೆರಳೊತ್ತುವ ಪಟ್ಟಿಯಾದ ಫ್ರೆಟ್‌ಬೋರ್ಡಿನ ಎರಡೂ ಅಂಚುಗಳಿಂದ ಸಮ ದೂರದಲ್ಲಿವೆಯೇ ನೋಡಿ. ಒಂದು ಕಡೆ ವಾಲಿದ್ದರೆ ನೆಕ್ಕಿನ ಸ್ಕ್ರೂ ತುಸು ಸಡಿಲಿಸಿ ಎಳೆದು ಕೂರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಕೊನೆಗೆ ಆರೂ ತಂತಿಗಳನ್ನು ಎಲ್ಲ ಫ್ರೆಟ್‌ಗಳಲ್ಲಿ (ಲೋಹದ ಮೆಟ್ಟಿಲುಗಳಲ್ಲಿ) ಒತ್ತಿ ಮೀಟಿ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮಾರುವವರಿಗೆ ಬೇಸರವಾಗಲಿ.

ನಾಬ್‌ಗಳಿರುವ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿ ಒಳಗೆ ನೋಡುವುದನ್ನು ಮಾತ್ರ ಮರೆಯಬೇಡಿ. ನಾನು ಒಮ್ಮೆ ಮರೆತೆ. ಎನ್ಸೆನಾಡಾದ್ದು ಎಂದು ಕೊಂಡ ಗಿಟಾರಿನ ಸಂಖ್ಯೆ 'ಎಂಎಕ್ಸ್' ಎಂದೇ ಶುರುವಾಗುತ್ತಿತ್ತು, ಎಲ್ಲ ಸರಿಯಾಗಿತ್ತು. ಮನೆಗೆ ತಂದು ಒರೆಸುವಾಗ ಹೆಡ್‌ಸ್ಟಾಕಿನ ಹೆಸರು ಹೆಬ್ಬೆರಳ ಉಗುರಿಗೆ ಸಿಕ್ಕಿ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಬಟಾಣಿ ಗಾತ್ರದ ಪಾಟ್‌ಗಳು (ನಾಬ್‌ನಡಿಯ ವಾಲ್ಯೂಮ್, ಟೋನ್ ನಿಯಂತ್ರಕಗಳು), ತುಕ್ಕು ಹಿಡಿದ ಸ್ವಿಚ್. ಆ ಪಟ್ಟಿಯನ್ನು ಅಂಗಡಿಯಲ್ಲೇ ಎತ್ತಿದ್ದರೆ ಗೊತ್ತಾಗುತ್ತಿತ್ತು. ಸಂಖ್ಯೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಬೆಸುಗೆ, ತಂತಿಗಳ ಬಣ್ಣ, ನೆಕ್ಕಿನ ಬುಡದ ಮುದ್ರೆ, ಇವೆಲ್ಲ ಒಟ್ಟಿಗೆ ಒಂದೇ ಕತೆ ಹೇಳಬೇಕು.

ಫ್ರೆಟ್‌ಬೋರ್ಡಿನ ಮರದಿಂದಲೂ ಒಂದಿಷ್ಟು ತಿಳಿಯುತ್ತದೆ. ಮೊದಲ ವರ್ಷಗಳಲ್ಲಿ ನೆಕ್ ಪೂರ್ತಿ ಮೇಪಲ್. 1959ರಿಂದ ರೋಸ್‌ವುಡ್ ಪದರ ಬಂತು, ಮೊದಲು ಬ್ರೆಜಿಲ್‌ನದ್ದು, ಆಮೇಲೆ ಭಾರತದ್ದು. ಭಾರತದ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಮೈಸೂರಿನ ಕುಸುರಿ ಕೆಲಸದವರು ದಂತದ ಬಣ್ಣದ ಚೂರುಗಳನ್ನು ಕೂರಿಸುವ ಅದೇ ಮರ, ಕ್ಯಾಲಿಫೋರ್ನಿಯಾಕ್ಕೋ ಮೆಕ್ಸಿಕೊಗೋ ಹೋಗಿ ಗಿಟಾರಿನ ಬೆನ್ನೇರಿ ಮರಳಿ ಬೆಂಗಳೂರಿನ ಅಂಗಡಿಗೆ ಬರುತ್ತದೆ. 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ಈ ಜಾತಿಯ ಮರಗಳ ಸಾಗಣೆಗೆ ಕಾಗದಪತ್ರ ಬೇಕಾಯಿತು. ಫೆಂಡರ್ ಮೆಕ್ಸಿಕೊದ ಎಷ್ಟೋ ಗಿಟಾರುಗಳಿಗೆ ಪಾವ್ ಫೆರೊ ಎಂಬ ತುಸು ತಿಳಿ ಬಣ್ಣದ ಮರ ಹಾಕತೊಡಗಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ತಿಳಿ ಕಂದು ಫ್ರೆಟ್‌ಬೋರ್ಡ್ ಕಂಡರೆ ನಕಲಿ ಎಂದು ಗಾಬರಿಯಾಗಬೇಡಿ.

ಮೊದಲು ಹದ, ಆಮೇಲೆ ಮಾರ್ಪಾಡು

ಹೊಸ ಪಿಕಪ್ ಬೇಕು ಎಂದು ಬರುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾದದ್ದು ಹೊಸ ತಂತಿ ಮತ್ತು ಒಂದು ಗಂಟೆಯ ತಾಳ್ಮೆ. ಹದ ಮಾಡಲು ಬೇಕಾದ, ಸಂದು ಅಳೆಯುವ ಫೀಲರ್ ಗೇಜ್ ಗಿಟಾರ್ ಅಂಗಡಿಯಲ್ಲಿ ಹುಡುಕಬೇಡಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ವಾಹನ ಬಿಡಿಭಾಗದ ಬೀದಿಯಲ್ಲಿ ಮೆಕ್ಯಾನಿಕ್‌ಗಳು ಕೊಳ್ಳುವುದನ್ನೇ ಕೊಳ್ಳಿ.

ತಂತಿ ಶ್ರುತಿಯಲ್ಲಿರಲಿ. ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಪಟ್ಟಿ) ಹಾಕಿ, ಆರನೆಯ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಫ್ರೆಟ್‌ಬೋರ್ಡಿನ ದುಂಡು 9.5 ಇಂಚಿನ ತ್ರಿಜ್ಯದ್ದಾದರೆ 0.25 ಮಿ.ಮೀ., ಹಳೆಯ 7.25 ಇಂಚಿನದ್ದಾದರೆ 0.3 ಮಿ.ಮೀ. ಇದ್ದರೆ ಸರಿ. ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಹಳೆಯ ಶೈಲಿಯ ಟೆಲಿಗಳಲ್ಲಿ ಇದರ ತಲೆ ನೆಕ್ಕಿನ ಬುಡದಲ್ಲಿ ಇರುತ್ತದೆ, ನೆಕ್ ಕಳಚದೆ ತಿರುಗದು. ತಿರುಗಿಸುವುದು, ಜೋಡಿಸುವುದು, ಅಳೆಯುವುದು, ಮತ್ತೆ ಕಳಚುವುದು. ಭಾನುವಾರ ಬೆಳಗ್ಗೆ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮುಗಿದೀತು. ಹೀಗೆ ಪದೇ ಪದೇ ಕಳಚಿದಾಗ ಸ್ಕ್ರೂ ತೂತು ಸವೆದು ಹಿಡಿತ ತಪ್ಪುತ್ತದೆ. ಉರಿದು ಮುಗಿದ ಊದಿನಕಡ್ಡಿಯ ಬಿದಿರನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಸಣ್ಣ ಬಿಟ್‌ನಿಂದ ಕೊರೆಯಿರಿ. ಸ್ಕ್ರೂವಿನ ಎಳೆಗೆ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ.

ಆಮೇಲೆ ತಂತಿಯ ಎತ್ತರ. 17ನೆಯ ಫ್ರೆಟ್ ಮೇಲೆ 1.6 ಮಿ.ಮೀ. ಇಟ್ಟು ನುಡಿಸಿ ನೋಡಿ. 7.25 ಇಂಚಿನ ದುಂಡಾದ ಬೋರ್ಡಿನಲ್ಲಿ ದಪ್ಪ ತಂತಿಯ ಕಡೆ 2 ಮಿ.ಮೀ. ಬೇಕಾದೀತು. ಇದಕ್ಕಿಂತ ತಗ್ಗಿಸಿ ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದರೆ ಸ್ವರ ಉಸಿರು ಕಟ್ಟುತ್ತದೆ. ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್‌ನ ಪುಟ್ಟ ಸ್ಕ್ರೂಗಳಿಗೆ ಅಮೆರಿಕದ ಗಿಟಾರುಗಳಲ್ಲಿ 0.050 ಇಂಚಿನ ಅಲೆನ್ ಕೀ, ಏಷ್ಯಾದವುಗಳಲ್ಲಿ 1.5 ಮಿ.ಮೀ.ನದ್ದು. ಒಂದರ ಬದಲು ಇನ್ನೊಂದನ್ನು ತುರುಕಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ದೇವರೇ ಗತಿ.

ಟೆಲಿಯ ಸ್ವಂತ ತಲೆನೋವು ಇರುವುದು ಇಲ್ಲಿಯೇ. ಹಳೆಯ ಬ್ರಿಡ್ಜಿನಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್, ಎರಡೆರಡು ತಂತಿ ಒಂದು ಹಿತ್ತಾಳೆಯ ಕೊಳವೆಯ ಮೇಲೆ. ಪ್ರತಿ ತಂತಿಗೂ ತಾನು ನಿಲ್ಲಬೇಕಾದ ಜಾಗ ಬೇರೆ, ಆದರೆ ಜೋಡಿಗೆ ಒಂದೇ ಜಾಗ. ನಮ್ಮ ಮನೆಯಲ್ಲಿ ಅಜ್ಜಿಯ ವೀಣೆ ಇತ್ತು. ಅದಕ್ಕೆ ಮೇಳ ಕಟ್ಟಲು ಬರುತ್ತಿದ್ದವರು ಕರಿ ಮೇಣವನ್ನು ಬೆಚ್ಚಗೆ ಮಾಡಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಮೀಟಿ, ತಲೆಯಾಡಿಸಿ, ಮತ್ತೆ ಸರಿಸುತ್ತಿದ್ದರು. ಮೂರು ಸ್ಯಾಡಲ್ ಎದುರಿಗೆ ಕೂತಾಗಲೆಲ್ಲ ನನಗೆ ಅವರ ಮುಖ ನೆನಪಾಗುತ್ತದೆ. ಕ್ರಮ ಅದೇ: 12ನೆಯ ಫ್ರೆಟ್ ಮೇಲೆ ಬೆರಳು ಮುಟ್ಟಿಸಿ ಹುಟ್ಟುವ ಹಾರ್ಮೋನಿಕ್ ಸ್ವರ ಮತ್ತು ಅದೇ ಫ್ರೆಟ್ ಒತ್ತಿದ ಸ್ವರ ಒಂದಾಗಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಜೋಡಿಯ ಎರಡು ತಂತಿಗಳ ನಡುವೆ ರಾಜಿ ಮಾಡಿಸಿ.

ರಾಜಿ ಒಗ್ಗದಿದ್ದರೆ ಮೊದಲ ಮಾರ್ಪಾಡು ಇದೇ ಆಗಲಿ. ಓರೆಯಾಗಿ ಕೊರೆದ, ಮೂರೇ ಆದರೂ ಆರಕ್ಕೂ ಹತ್ತಿರ ಬರುವ ಹಿತ್ತಾಳೆ ಸ್ಯಾಡಲ್‌ಗಳು ಸಿಗುತ್ತವೆ. ಮರಕ್ಕೆ ಗಾಯವಿಲ್ಲ, ಬೇಡವಾದರೆ ಹಳೆಯದು ವಾಪಸ್. ಕೊಳ್ಳುವ ಮೊದಲು ತಂತಿಗಳ ಒಟ್ಟು ಅಗಲ ಅಳೆಯಿರಿ. ಹಳೆಯ ಬ್ರಿಡ್ಜಿನಲ್ಲಿ ಸುಮಾರು 54 ಮಿ.ಮೀ., ಹೊಸ ಮಾದರಿಗಳಲ್ಲಿ 52.5 ಮಿ.ಮೀ. ಹತ್ತಿರ.

ಬೆಸುಗೆಯ ಮನೆಗೆ

ಒಳಗೆ ಕೈ ಹಾಕುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಯಾವ ಬಣ್ಣದ ತಂತಿ ಎಲ್ಲಿಗೆ ಎಂದು ಕಾಗದದ ಮೇಲೂ ಬರೆಯಿರಿ. ಕಳಚಿದ ಪ್ರತಿ ಭಾಗವನ್ನೂ ಜಿಪ್ ಚೀಲಕ್ಕೆ ಹಾಕಿ ಗಿಟಾರಿನ ಸಂಖ್ಯೆ, ತಾರೀಖು ಬರೆದು ಕೇಸಿನೊಳಗೇ ಇಡಿ. ಮುಂದೆ ಮಾರುವಾಗ ಆ ಚೀಲಕ್ಕೇ ಒಂದು ಬೆಲೆ ಇರುತ್ತದೆ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ: 40 ವಾಟಿನ ಸೋಲ್ಡರಿಂಗ್ ಐರನ್, 60/40 ಬೆಸುಗೆ ಸೀಸ, ಮಲ್ಟಿಮೀಟರ್, ತಾಮ್ರದ ಅಂಟುಪಟ್ಟಿ, ಕೆಪಾಸಿಟರ್ ಎಲ್ಲ ಅಲ್ಲಿ ಸಿಗುತ್ತವೆ. ಗಿಟಾರಿಗೆ ಒಗ್ಗುವ 250 ಕಿಲೋ ಓಮ್ ಪಾಟ್‌ಗಳನ್ನು ಮಾತ್ರ ನೋಡಿ ಕೊಳ್ಳಿ. ಅಮೆರಿಕದ ಅಳತೆಯ ಪಾಟ್‌ಗೆ 9.5 ಮಿ.ಮೀ. ತೂತು ಬೇಕು, ಅಗ್ಗದ ಗಿಟಾರಿನ ಪಟ್ಟಿಯಲ್ಲಿ ತೂತು ಚಿಕ್ಕದಿರುತ್ತದೆ. ನಾಬ್ ಕೂಡ ಬದಲಾದೀತು, ಏಕೆಂದರೆ ಒಂದರ ಕಾಂಡ ಗಟ್ಟಿ, ಇನ್ನೊಂದರದ್ದು ಹಲ್ಲು ಹಲ್ಲು. ಪಾಟ್‌ಗಳ ಮೇಲೆ ಬರೆದ ಅಂಕಿಯನ್ನು ನಂಬದೆ ಮಲ್ಟಿಮೀಟರ್ ಹಿಡಿಯಿರಿ. ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. ಅಂಕಿ ಹೆಚ್ಚಿದ್ದಷ್ಟೂ ಧ್ವನಿ ಚುರುಕು. ಟೋನ್ ಕೆಪಾಸಿಟರ್ 0.022 ಅಥವಾ 0.047 ಮೈಕ್ರೋಫ್ಯಾರಡ್, ಯಾವುದಾದರೂ ಸರಿ. ಐವತ್ತರ ದಶಕದ ಕೆಪಾಸಿಟರ್ ಎಂದು ಸಾವಿರಗಟ್ಟಲೆ ತೆರುವವರನ್ನು ನೋಡಿದ್ದೇನೆ. ಅದರ ಧ್ವನಿಯನ್ನು ಕಣ್ಣು ಮುಚ್ಚಿ ಗುರುತಿಸಿ ಹೇಳುವವರನ್ನು ಇನ್ನೂ ನೋಡಿಲ್ಲ.

ವಾಲ್ಯೂಮ್ ಇಳಿಸಿದಾಗ ಧ್ವನಿ ಮಂಕಾಗುವುದು ನಿಮಗೆ ಕಿರಿಕಿರಿಯಾದರೆ, ವಾಲ್ಯೂಮ್ ಪಾಟ್‌ನ ಒಳಬರುವ ಕಾಲು ಮತ್ತು ನಡುಗಾಲಿನ ನಡುವೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ 150 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಹತ್ತು ನಿಮಿಷದ ಕೆಲಸ.

ನಾನು ಎಲ್ಲರಿಗೂ ಹೇಳುವ ಮಾರ್ಪಾಡು ನಾಲ್ಕು ಸ್ಥಾನದ ಸ್ವಿಚ್. ಮೂಲದ ಸ್ವಿಚ್ಚಿಗೆ ಮೂರೇ ಸ್ಥಾನ. 1952ರಿಂದ 1967ರವರೆಗೆ ಎರಡೂ ಪಿಕಪ್ ಒಟ್ಟಿಗೆ ನುಡಿಯುವ ಸ್ಥಾನವೇ ಇರಲಿಲ್ಲ. ಮುಂದಿನ ತುದಿಯಲ್ಲಿ ನೆಕ್ ಪಿಕಪ್ಪಿಗೆ ಕೆಪಾಸಿಟರ್ ಕಂಬಳಿ ಹೊದಿಸಿದಂಥ ಗೊಗ್ಗರು ಧ್ವನಿ ಇತ್ತು. ಈಗ ನಡುವಿನ ಸ್ಥಾನದಲ್ಲಿ ಎರಡೂ ಸಮಾಂತರವಾಗಿ ಸೇರುತ್ತವೆ. ನಾಲ್ಕನೆಯ ಸ್ಥಾನ ಕೊಟ್ಟರೆ ಎರಡೂ ಒಂದರ ಬೆನ್ನಿಗೆ ಒಂದು ಸರಣಿಯಾಗಿ ಸೇರಿ, ದಪ್ಪ, ಜೋರು ಧ್ವನಿ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ.

ಆದರೆ ಇದರಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ನೆಕ್ ಪಿಕಪ್ಪಿನ ಲೋಹದ ಮುಚ್ಚಳ ಒಂದು ಗಿಡ್ಡ ತಂತಿಯಿಂದ ಪಿಕಪ್ಪಿನ ಕಪ್ಪು ತಂತಿಗೆ ಸೇರಿರುತ್ತದೆ. ಸರಣಿಯಲ್ಲಿ ಆ ಕಪ್ಪು ತಂತಿ ಗ್ರೌಂಡ್‌ಗೆ ಹೋಗದೆ ಇನ್ನೊಂದು ಪಿಕಪ್ಪಿಗೆ ಹೋಗುತ್ತದೆ. ಆಗ ಮುಚ್ಚಳವೇ ಆಂಟೆನಾ ಆಗಿ, ಕೈ ತಗುಲಿದರೆ ಸಾಕು ಗುಂಯ್‌ಗುಡುತ್ತದೆ. ಆದ್ದರಿಂದ ಮೊದಲು ಆ ಗಿಡ್ಡ ತಂತಿಯನ್ನು ಕತ್ತರಿಸಿ. ಮುಚ್ಚಳದ ಮಡಚಿದ ಕಿವಿಗೆ ಹೊಸ ತಂತಿ ಬೆಸೆದು ಅದನ್ನು ನೇರ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಒಯ್ಯಿರಿ. ಕಪ್ಪು ತಂತಿಯ ಬೆಸುಗೆ ಇರುವ ಜಾಗದಲ್ಲಿ ಐರನ್ ಹೆಚ್ಚು ಹೊತ್ತು ಹಿಡಿಯಬೇಡಿ; ಸುರುಳಿಯ ತಂತಿ ಕೂದಲಿಗಿಂತ ಸಣ್ಣದು, ಅದರ ತುದಿ ಅಲ್ಲೇ ಇರುತ್ತದೆ. ನನ್ನ ಮೊದಲ ಪಿಕಪ್ಪನ್ನು ನಾನು ಕೊಂದದ್ದು ಹೀಗೆ. ಸ್ವಿಚ್ಚಿಗೆ ಬೆಸೆಯುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ: ಪಿಕಪ್ಪಿನ ಎರಡು ತಂತಿಗಳ ನಡುವೆ ಏಳೆಂಟು ಕಿಲೋ ಓಮ್ ತೋರಬೇಕು, ಮುಚ್ಚಳಕ್ಕೂ ಆ ಎರಡು ತಂತಿಗಳಿಗೂ ಯಾವ ಸಂಪರ್ಕವೂ ಇರಬಾರದು. ಎರಡೂ ಪಿಕಪ್ ಸೇರಿದಾಗ ಧ್ವನಿ ತೆಳ್ಳಗೆ, ಮೂಗಿನಲ್ಲಿ ಮಾತಾಡಿದ ಹಾಗಿದ್ದರೆ ಒಂದು ಪಿಕಪ್ ಉಲ್ಟಾ ಇದೆ. ಮುಚ್ಚಳವನ್ನು ಈಗಾಗಲೇ ಬೇರ್ಪಡಿಸಿರುವುದರಿಂದ ನೆಕ್ ಪಿಕಪ್ಪಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ತಾಮ್ರದ ಪಟ್ಟಿ ಅಂಟಿಸುವವರಿಗೂ ಒಂದು ಮಾತು. ಟೆಲಿಯ ಸ್ವಿಚ್ ಕೂರುವ ಗುಳಿ ಬಹಳ ಕಿರಿದು. ಸ್ವಿಚ್ಚಿನ ಕಾಲು ತಾಮ್ರಕ್ಕೆ ತಗುಲಿ, ಎಲ್ಲ ಸರಿಯಾಗಿ ಬೆಸೆದಿದ್ದರೂ ಧ್ವನಿಯೇ ಬರುವುದಿಲ್ಲ. ಗುಳಿಯ ಗೋಡೆಗೆ, ಜ್ಯಾಕ್‌ನ ತುದಿ ತಾಕುವಲ್ಲಿಗೆ ಇನ್ಸುಲೇಶನ್ ಟೇಪ್ ಹಚ್ಚಿ.

ಬ್ರಿಡ್ಜ್ ಪಿಕಪ್ ಜೋರು ಧ್ವನಿಯಲ್ಲಿ ಕೀಚಲು ಶುರುಮಾಡಿದರೆ ಹೊಸದು ಕೊಳ್ಳುವ ಮೊದಲು ಮೇಣದ ಸ್ನಾನ ಮಾಡಿಸಿ. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಯ ಮೇಲೆ ಬೇಡವೇ ಬೇಡ, ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. 65 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಪಿಕಪ್ಪನ್ನು ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ, ಸುಮಾರು ಹತ್ತು ಹದಿನೈದು ನಿಮಿಷ ಬಿಡಿ. ಪಿಕಪ್ಪಿನ ಅಡಿಯ ಲೋಹದ ತಗಡು ಸಡಿಲವಿದ್ದರೆ ಅದೂ ಈ ಮೇಣದಲ್ಲೇ ಕೂತುಕೊಳ್ಳುತ್ತದೆ. ಆ ತಗಡಿನಿಂದ ಕಪ್ಪು ತಂತಿಗೆ ಹೋಗುವ ಗಿಡ್ಡ ಕೊಂಡಿಯನ್ನು ಮಾತ್ರ ಕೀಳಬೇಡಿ. ಬ್ರಿಡ್ಜ್ ಮತ್ತು ತಂತಿಗಳಿಗೆ ಗ್ರೌಂಡ್ ಸಿಗುವುದು ಸಾಮಾನ್ಯವಾಗಿ ಅದರಿಂದಲೇ.

ಮರ ಕೊರೆಯುವ ಆಸೆ ಬಂದಾಗ

ನೆಕ್ ಕಡೆ ಎರಡು ಸುರುಳಿಯ ದಪ್ಪ ಹಂಬಕರ್ ಪಿಕಪ್ ಕೂರಿಸುವ ಆಸೆ ಎಲ್ಲ ಟೆಲಿ ಪ್ರಿಯರಿಗೂ ಒಮ್ಮೆ ಬರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ತಮ್ಮ ಐವತ್ತರ ದಶಕದ ಟೆಲಿಗೆ ಹಾಕಿಸಿ, ಆರನೆಯ ತಂತಿಯನ್ನೂ ತೆಗೆದು ಐದೇ ತಂತಿಯಲ್ಲಿ ನುಡಿಸಿದರು. 'ದಿ ಪೊಲೀಸ್' ತಂಡದ ಆ್ಯಂಡಿ ಸಮ್ಮರ್ಸ್ ಅವರದ್ದರಲ್ಲಿ ಹಂಬಕರ್ ಜತೆಗೆ ಪಿಕಪ್ಪನ್ನು ಉಲ್ಟಾ ಮಾಡುವ (ಫೇಸ್) ಸ್ವಿಚ್ ಮತ್ತು ಒಳಗೇ ಒಂದು ಪ್ರೀಆ್ಯಂಪ್ ಇದೆ. ಅಂದು ಅವು ಬಳಸಿ ಹಳತಾದ ಗಿಟಾರುಗಳಷ್ಟೇ, ಯಾರೂ ಕಣ್ಣಿಗೊತ್ತಿಕೊಳ್ಳುತ್ತಿರಲಿಲ್ಲ. ಇಂದು ಅದೇ ವಯಸ್ಸಿನ ಗಿಟಾರಿಗೆ ಮರ ಕೊರೆಯುವ ರೂಟರ್ ಹಿಡಿದರೆ ಬೆಲೆ ಬಿದ್ದುಹೋಗುತ್ತದೆ.

ಆದ್ದರಿಂದ ಮೊದಲು ಪಿಕ್‌ಗಾರ್ಡ್ ಎತ್ತಿ ನೋಡಿ. ಕೆಲವು ಮಾದರಿಗಳಲ್ಲಿ ಕಾರ್ಖಾನೆಯವರೇ ಅಗಲ ಗುಳಿ ತೆಗೆದಿರುತ್ತಾರೆ. ಹಾಗಿದ್ದರೆ ಹೊಸ ಪಿಕ್‌ಗಾರ್ಡ್ ಒಂದು ಸಾಕು. ಇಲ್ಲದಿದ್ದರೆ ಹಳೆಯ ಪಿಕಪ್ಪಿನ ಗಾತ್ರದಲ್ಲೇ ಬರುವ ಹಂಬಕರ್ ಹುಡುಕಿ. ಅದೂ ಬೇಡವೆಂದರೆ, 1972ರಲ್ಲಿ ಫೆಂಡರ್ ತಾನೇ ನೆಕ್ ಕಡೆ ಹಂಬಕರ್ ಹಾಕಿ ಟೆಲಿಕಾಸ್ಟರ್ ಕಸ್ಟಮ್ ಎಂದು ಹೊರತಂದಿತ್ತು. ಅದರ ಮರುರೂಪಗಳು ಮಾರುಕಟ್ಟೆಯಲ್ಲಿವೆ. ಒಂದನ್ನು ಕೊಂಡರೆ ಸಂಗ್ರಹವೂ ಬೆಳೆಯಿತು, ಮರವೂ ಉಳಿಯಿತು. ಇಷ್ಟಾದರೂ ಕೊರೆಯಲೇಬೇಕಿದ್ದರೆ ಪ್ರಯೋಗದ ಗಿಟಾರನ್ನು ಕೊರೆಯಿರಿ, ಮೂರು ನಾಲ್ಕು ಮಿ.ಮೀ. ಆಳದ ಹಲವು ಸುತ್ತಿನಲ್ಲಿ.

ಬಣ್ಣ ಕೆರೆದು ಹಳೆಯದರಂತೆ ಕಾಣಿಸುವ ಚಪಲದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಮಂಗಳೂರಿನಲ್ಲಿ ಎರಡು ಮಳೆಗಾಲ ಕೇಸಿನ ಹೊರಗಿಟ್ಟರೆ ಬ್ರಿಡ್ಜಿಗೆ ಪುಕ್ಕಟೆಯಾಗಿ ವಯಸ್ಸಾಗುತ್ತದೆ.

ಇಟ್ಟುಕೊಳ್ಳುವುದು

ಪ್ರತಿ ಗಿಟಾರಿಗೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇರಲಿ: ತೂಕ, ತಂತಿಯ ದಪ್ಪ, ನೆಕ್ಕಿನ ಸಂದು, ಪಿಕಪ್ಪಿನ ಓಮ್, ಬದಲಿಸಿದ ಭಾಗ, ತಾರೀಖು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಎರಡು ವಾರ ನುಡಿಸಿ, ಆಮೇಲೆ ಮುಂದಿನದು.

ಎಲ್ಲ ಗಿಟಾರುಗಳಿಗೂ ಒಂದೇ ದಪ್ಪದ ತಂತಿ ಹಾಕಿದರೆ ಹೋಲಿಕೆ ಸುಲಭ. ನುಡಿಸಿದ ಮೇಲೆ ತಂತಿ ಮತ್ತು ಸ್ಯಾಡಲ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಚಳಿಗಾಲದ ಒಣಹವೆಗೆ ಮರ ಕುಗ್ಗಿ ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚತೊಡಗಿದರೆ ಕೂಡಲೇ ಅರ ಹಿಡಿಯಬೇಡಿ, ಒಂದು ಮಳೆಗಾಲ ಕಾದು ನೋಡಿ. ಬೀಟೆಯ ಬೋರ್ಡಿಗೆ ವರ್ಷಕ್ಕೊಮ್ಮೆ ಒಂದೆರಡು ಹನಿ ಎಣ್ಣೆ ಸಾಕು, ವಾರ್ನಿಷ್ ಬಳಿದ ಮೇಪಲ್‌ಗೆ ಅದೂ ಬೇಡ. ಪಕ್ಕದಲ್ಲಿರುವ ಜ್ಯಾಕ್‌ನ ಬಟ್ಟಲು ಕೇಬಲ್ ಎಳೆದಾಗಲೆಲ್ಲ ತಿರುಗಿ, ಕೊನೆಗೆ ಒಳಗಿನ ತಂತಿ ಸಮೇತ ಕಿತ್ತು ಕೈಗೆ ಬರುತ್ತದೆ. ಅದರ ಬದಲು ಎರಡು ಸ್ಕ್ರೂಗಳಿಂದ ಮರಕ್ಕೇ ಬಿಗಿಯುವ ಬಟ್ಟಲು ಸಿಗುತ್ತದೆ, ಹಾಕಿಸಿ. ಮುಟ್ಟುವುದಿಲ್ಲ ಎಂದು ಪಣ ತೊಟ್ಟ ನನ್ನ ಅಸಲಿ ಎನ್ಸೆನಾಡಾ ಗಿಟಾರಿನಲ್ಲೂ ಅದೊಂದನ್ನು ಬದಲಿಸಿದ್ದೇನೆ. ಹಳೆಯದು ಚೀಲದಲ್ಲಿದೆ.